ಕೆಂಡನ ಗೆರೆ

ಅವನು ಯಾರ ಕಾರಿನಲ್ಲಿ ಕೂತರೂ ರಸ್ತೆ ನೋಡುತ್ತಿರಲಿಲ್ಲ. ಎದುರಿಗೆ ಲಾರಿ ಬರಲಿ, ತಿರುವು ಬರಲಿ, ಗುರುತಿನವರು ಯಾರೋ ಕೈ ಬೀಸಲಿ, ಅವನ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ್ದ ಒಂದು ದುಂಡನೆಯ ಗೇಜಿನಲ್ಲಿ, ಆ ಗೇಜಿನೊಳಗಿನ ಬಿಳಿಯ ಮುಳ್ಳಿನಲ್ಲಿ ನೆಟ್ಟಿರುತ್ತಿತ್ತು. ಪಕ್ಕದ ಸೀಟಿನಲ್ಲಿ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಕೊಕ್ಕರೆಯ ಹಾಗೆ ಕತ್ತು ಮುಂದೆ ಚಾಚಿ, ಲೋಕದಲ್ಲಿ ಆ ಮುಳ್ಳೊಂದನ್ನು ಬಿಟ್ಟು ಬೇರೆ ಯಾವುದೂ ಅಲುಗಾಡುತ್ತಿಲ್ಲ ಎಂಬಂತೆ ಕೂತಿರುತ್ತಿದ್ದ. ಕಾರಿನ ಒಡೆಯರು ಮೊದಮೊದಲು ಅವನೊಡನೆ ಹವಾಮಾನದ ಮಾತಾಡಲು ನೋಡುತ್ತಿದ್ದರು; ಉತ್ತರ ಬಾರದೆ ತೆಪ್ಪಗಾಗುತ್ತಿದ್ದರು. ಮುಳ್ಳು ಅವನ ಮನಸ್ಸಿಗೆ ಒಪ್ಪದ ರೀತಿಯಲ್ಲಿ ಏರಿತೋ, ಬಾಯಿಂದ ಎರಡೇ ಪದ ಬೀಳುತ್ತಿದ್ದವು: "ಕಾಲ್ ತೆಗಿ." ಡಾಕ್ಟರಿರಲಿ, ವಕೀಲರಿರಲಿ, ಪೊಲೀಸ್ ಅಧಿಕಾರಿಯೇ ಇರಲಿ, ಎಲ್ಲರಿಗೂ ಅದೇ ಏಕವಚನ. ಕಾರಿನಿಂದ ಇಳಿದ ಮೇಲೆ ಮತ್ತೆ "ನೀವು" ಬರುತ್ತಿತ್ತು. ಮರ್ಯಾದೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಹತ್ತುವ ಮನುಷ್ಯ.

ನಮ್ಮ ಬೀದಿಯಲ್ಲಿ ಅವನಿಗೆ ಕೆಂಡ ಎಂದೇ ಹೆಸರು. ಎದುರಿಗೆ ಸಾರ್, ಬೆನ್ನ ಹಿಂದೆ ಕೆಂಡ. ಅದು ಅವನಿಗೂ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ಯಾರೋ ಬಾಯಿ ತಪ್ಪಿ, ಕೆಂಡ ಸಾರ್ ಇದ್ದಾರಾ ಎಂದು ಕೇಳಿಬಿಟ್ಟಾಗ, "ಇದೀನಿ, ಇನ್ನೂ ಆರಿಲ್ಲ" ಎಂದಿದ್ದ. ಅವನ ಗ್ಯಾರೇಜಿಗೂ ನನ್ನ ಪುಸ್ತಕದಂಗಡಿಗೂ ನಡುವೆ ಒಂದು ಗೋಡೆ. ಆ ಗೋಡೆಯ ಆಚೆಯಿಂದ ಇಷ್ಟು ವರ್ಷ ಕೇಳಿಸಿಕೊಂಡ ಬೈಗುಳವನ್ನು ಜೋಡಿಸಿದರೆ ನನ್ನ ಅಂಗಡಿಯ ಯಾವ ನಿಘಂಟಿಗೂ ನಾಚಿಕೆಯಾಗಬೇಕು. ಈಗ ಆ ಗೋಡೆ ಸುಮ್ಮನಿದೆ. ಅಂಥ ಮೌನ ಹಿತವೆಂದು ಹಿಂದೆ ಎಷ್ಟೋ ಸಲ ಅಂದುಕೊಂಡಿದ್ದೆ. ಹಿತವಾಗಿಲ್ಲ.

ಕುಳ್ಳ ದೇಹ, ಒಣಗಿದ ಮೈಕಟ್ಟು. ನಡೆಯುವಾಗ ಎಡಭುಜ ಮುಂದೆ, ಬಿಗಿದುಕೊಂಡ ಬಾಗಿಲನ್ನು ತಳ್ಳಿಕೊಂಡು ಹೋಗುವವನ ನಡಿಗೆ. ಬಯಲಿನಲ್ಲಿ ನಡೆದರೂ ಹಾಗೆಯೇ. ಮೈಮೇಲೆ ಸದಾ ನೀಲಿಯ ಉದ್ದನೆಯ ಕೋಟು. ಅದು ಗ್ಯಾರೇಜಿನವರು ಹಾಕುವ ಅಂಗಿಯಲ್ಲ, ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯ ಕೋಟು. ಎಡತೋಳು ಮೊಣಕೈಯವರೆಗೆ ಸುಟ್ಟು, ತೇಪೆ ಹಾಕಿ, ಆ ತೇಪೆಯೂ ಸುಟ್ಟಿತ್ತು. ಇನ್ನು ಮಾತು. ಯಾವ ಮಾತಿಗೂ "ಅದಲ್ಲ" ಎಂದೇ ಶುರು. ಇವತ್ತು ಸೆಖೆ ಜಾಸ್ತಿ ಅಲ್ಲವೇ ಎಂದರೆ, "ಅದಲ್ಲ, ಸೆಖೆ ಜಾಸ್ತಿನೇ" ಎನ್ನುತ್ತಿದ್ದ. ಒಪ್ಪುವುದಕ್ಕೂ ಮೊದಲು ಒಂದು ಸಲ ತಳ್ಳಿಹಾಕಿ ನೋಡಬೇಕು. ತಳ್ಳಿದ ಮೇಲೂ ನಿಂತದ್ದನ್ನು ಮಾತ್ರ ಒಪ್ಪಬೇಕು.

ಅವನು ಮೊದಲು ಲೋಹಶಾಸ್ತ್ರದ ಮೇಷ್ಟರಾಗಿದ್ದ. ಪಾಲಿಟೆಕ್ನಿಕ್ಕಿನ ಕುಲುಮೆಯ ಉಷ್ಣಮಾಪಕ ಕೆಟ್ಟು, ಮುಳ್ಳು ಒಂದೇ ಜಾಗದಲ್ಲಿ ಅಂಟಿಕೊಂಡಿತ್ತಂತೆ. ತಪಾಸಣೆಗೆ ಬರುವವರಿದ್ದರು. ಪ್ರಾಂಶುಪಾಲರು ಇವನನ್ನು ಕರೆದು, ಪುಸ್ತಕದಲ್ಲಿ ಇರುವ ಅಂಕಿಗಳನ್ನೇ ಹುಡುಗರಿಗೆ ಬರೆಸಿಬಿಡಿ, ಹೇಗೂ ಉತ್ತರ ಅದೇ ತಾನೆ ಎಂದರು. ತಪಾಸಣೆಯವರು ಬಂದು ಕುಲುಮೆಯ ಮುಂದೆ ನಿಂತಾಗ ಇವನು ಅದರ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು ಅವರ ಕೈಗೆ ಕೊಟ್ಟು, ಈಗ ಎಷ್ಟು ಡಿಗ್ರಿ ತೋರಿಸುತ್ತಿದೆ ಓದಿ ಎಂದ. ತಣ್ಣಗಿದ್ದ ಕುಲುಮೆ ಎಂಟುನೂರು ತೋರಿಸುತ್ತಿತ್ತು. ಆ ದಿನವೇ ಕೆಲಸ ಹೋಯಿತು. ಕೋಟು ಮಾತ್ರ ಮೈಮೇಲೆ ಹಾಗೇ ಮನೆಗೆ ಬಂತು. ಹೆಂಡತಿ ಬಾಗಿಲಲ್ಲೇ ಮುಖ ನೋಡಿ ಅರ್ಥಮಾಡಿಕೊಂಡರು. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಈ ಕಥೆಯನ್ನು ನನಗೆ ಹೇಳಿದವರೂ ಅವರೇ. ಅವನು ತನ್ನ ಬಗ್ಗೆ ತಾನು ಏನೂ ಹೇಳುತ್ತಿರಲಿಲ್ಲ, ಸಿಟ್ಟು ಬಂದದ್ದರ ಬಗ್ಗೆ ಮಾತ್ರ ಹೇಳುತ್ತಿದ್ದ.

ಗ್ಯಾರೇಜು ಅತ್ತಿಗೆಯ ತಮ್ಮನದು. ವೇಗದ ಕಾರುಗಳಿಗೆ ಟರ್ಬೋ ಕೂರಿಸುವುದು, ಕೂರಿಸಿದ್ದನ್ನು ಇನ್ನಷ್ಟು ಹುರಿದುಂಬಿಸುವುದು ಅವನ ಕಸುಬು. ಬಾಯಿಯಲ್ಲಿ ಬೆಣ್ಣೆ ಇಟ್ಟುಕೊಂಡೇ ಹುಟ್ಟಿದವನಂತೆ ಮಾತಾಡುವ, ಗಿರಾಕಿಯ ಹೆಂಡತಿ ಮಕ್ಕಳ ಹೆಸರೆಲ್ಲ ನೆನಪಿಟ್ಟುಕೊಳ್ಳುವ ಮನುಷ್ಯ. ಭಾವನಿಗೆ ಕೆಲಸ ಹೋದಾಗ, ಬನ್ನಿ ಭಾವ, ನನಗೆ ಕಬ್ಬಿಣ ಗೊತ್ತಿರುವವರು ಬೇಕು ಎಂದು ಪ್ರೀತಿಯಿಂದಲೇ ಕರೆದ. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಕಾರಿನ ಗಂಧಗಾಳಿ ಇಲ್ಲದ ನನಗೆ ಕೆಂಡ ಒಮ್ಮೆ ಪಾಠ ಮಾಡಿದ್ದ. ಎಂಜಿನ್ನಿನಲ್ಲಿ ಉರಿದ ಗಾಳಿ ಹೊರಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದ ಬಲದಿಂದ ಹೊರಗಿನ ತಂಪು ಗಾಳಿ ಎಂಜಿನ್ನಿಗೆ ಮತ್ತಷ್ಟು ನುಗ್ಗುತ್ತದೆ. ಹೆಚ್ಚು ಗಾಳಿ, ಹೆಚ್ಚು ಉರಿ, ಹೆಚ್ಚು ಓಟ. ಟರ್ಬೋ ಎಂದರೆ ಇಷ್ಟೇ. ಆದರೆ ಉರಿಗೂ ಒಂದು ಮಿತಿ ಉಂಟು. ಅದು ದಾಟಿದರೆ ಪಿಸ್ಟನ್ನು ಕರಗುತ್ತದೆ, ಚಕ್ರ ಬಿರಿಯುತ್ತದೆ. ಓಡಿಸುವವನಿಗೆ ಮಾತ್ರ ಆ ಕೊನೆಯ ಗಳಿಗೆಯವರೆಗೂ ಕಾರು ಎಂದಿಗಿಂತ ಚೆನ್ನಾಗಿ ಓಡುತ್ತಿದೆ ಎಂದೇ ಅನ್ನಿಸುತ್ತದೆ. "ಅದಲ್ಲ, ಸಾಯೋಕ್ ಮುಂಚೆ ಎಲ್ಲಾ ಚೆನ್ನಾಗೇ ಇರತ್ತೆ, ಅದೇ ತೊಂದರೆ" ಎಂದಿದ್ದ. ಅದಕ್ಕಾಗಿಯೇ ಈ ಗೇಜು. ಎಂಜಿನ್ನಿನಿಂದ ಉರಿಗಾಳಿ ಹೊರಬೀಳುವ ಕೊಳವೆಗೆ, ಟರ್ಬೋ ಚಕ್ರಕ್ಕಿಂತ ಮೊದಲೇ, ಒಂದು ರಂಧ್ರ ಕೊರೆದು ಪೆನ್ಸಿಲ್ಲಿನಷ್ಟು ಸಣ್ಣ ಕಡ್ಡಿಯನ್ನು ಒಳಗೆ ಇಳಿಬಿಡುವುದು. ಬೆಂಕಿಯ ಬಾಯಲ್ಲೇ ಕೂತ ಆ ಕಡ್ಡಿ ಅದರ ಶಾಖವನ್ನು ಮುಳ್ಳಿಗೆ ಮುಟ್ಟಿಸುತ್ತದೆ.

ಗೇಜು ಕೂರಿಸುವವರು ಬೇಕಾದಷ್ಟು ಜನ ಇದ್ದಾರೆ. ಕೆಂಡನ ರೀತಿ ಬೇರೆ. ಕಾರ್ಖಾನೆಯವರು ಅಚ್ಚು ಹಾಕಿದ ಕೆಂಪು ಪಟ್ಟಿಯನ್ನು ಅವನು ನಂಬುತ್ತಿರಲಿಲ್ಲ. ಅದು ಎಲ್ಲರಿಗೂ ಹೊಲಿದ ಅಂಗಿ ಎನ್ನುತ್ತಿದ್ದ. ಕಾರಿನ ಒಡೆಯನನ್ನೇ ಸ್ಟಿಯರಿಂಗಿಗೆ ಕೂರಿಸಿ, ನೀರಿನ ಟ್ಯಾಂಕಿನ ಗುಡ್ಡದ ಏರುರಸ್ತೆಯಲ್ಲಿ ಮತ್ತೆ ಮತ್ತೆ ಹತ್ತಿಸಿ, ಮುಳ್ಳು ಎಷ್ಟು ಏರಿತು ಎಂಬುದಕ್ಕಿಂತ ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನೇ ನೋಡುತ್ತಿದ್ದ. ಪ್ರತಿ ಕಾರಿನ ಮುಳ್ಳಿಗೂ ಒಂದೊಂದು ನಡಿಗೆ ಇದೆಯಂತೆ. ಕೆಲವು ಓಡಿ ಬಂದು ನಿಲ್ಲುತ್ತವೆ, ಕೆಲವು ಕದ್ದು ಬರುತ್ತವೆ. ಇದೆಲ್ಲ ಮನಸ್ಸಿಗೆ ಕೂತ ಮೇಲೆ ಹೆಂಡತಿಯ ಉಗುರುಬಣ್ಣದ ಶೀಶೆ ತೆಗೆದು, ಆ ಪುಟ್ಟ ಕುಂಚದಿಂದ ಗೇಜಿನ ಗಾಜಿನ ಮೇಲೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಇದರ ಮೇಲೆ ಮುಳ್ಳು ಹೋಗಬಾರದು. ಅಷ್ಟೇ. ಕೆಂಡನ ಗೆರೆ ಎಂದರೆ ಅದೇ. ಅತ್ತಿಗೆ ಮಾತ್ರ, ನನ್ನ ಕೈಗೆ ಹಚ್ಚಿಕೊಳ್ಳೋಕೆ ಒಂದು ತೊಟ್ಟೂ ಉಳಿಸಲ್ಲ, ಊರ ಕಾರಿಗೆಲ್ಲ ಹಚ್ಚಿ ಬರ್ತಾರೆ ಎಂದು ಹುಸಿಮುನಿಸು ತೋರುತ್ತಿದ್ದರು.

ಆ ಗೆರೆ ಬರಬರುತ್ತ ಹೆಸರು ಮಾಡಿತು. ಗೆರೆ ಇರುವ ಕಾರು ಮಾರಾಟಕ್ಕೆ ಬಂದರೆ ಬೆಲೆ ಏರುತ್ತಿತ್ತು. ಗೆರೆ ಬೇಕು ಎಂದು ದೂರದ ಊರುಗಳಿಂದ ಬರುತ್ತಿದ್ದರು. ಗೆರೆ ಎಲ್ಲರಿಗೂ ಬೇಕಾಗಿತ್ತು. ಎಳೆಯುವ ಮನುಷ್ಯನನ್ನು ಸಹಿಸುವುದೇ ಕಷ್ಟ. ಕಾರು ಗುಡ್ಡದಿಂದ ಇಳಿದು ಬಂದ ಕೂಡಲೇ ಎಂಜಿನ್ ಆರಿಸಲು ಬಿಡುತ್ತಿರಲಿಲ್ಲ. ಮುಳ್ಳು ತಾನಾಗಿ ಇಳಿಯುವವರೆಗೆ ಕಾರು ನಿಂತಲ್ಲೇ ಉಸಿರಾಡಿಕೊಳ್ಳಬೇಕು. ಒಬ್ಬ ಕಟ್ಟಡ ಕಂಟ್ರಾಕ್ಟರು, ಊರಿನ ಕಾರು ಕ್ಲಬ್ಬಿನ ಅಧ್ಯಕ್ಷರೂ ಅವರೇ, ತನಗೆ ಮಂತ್ರಿಯೊಬ್ಬರ ಭೇಟಿ ಇದೆಯೆಂದು ಕೀಲಿಗೆ ಕೈ ಹಾಕಿದರು. ಕೆಂಡ ಅವರ ಮಣಿಕಟ್ಟು ಹಿಡಿದುಕೊಂಡೇ ನಿಂತ. "ನಿಮ್ಮ ಟೈಮು ಕಬ್ಬಿಣಕ್ಕೆ ಗೊತ್ತಿಲ್ಲ ಸಾರ್" ಎಂದ. ಬೀದಿಯವರೆಲ್ಲ ನೋಡುತ್ತಿದ್ದರು. ಅಧ್ಯಕ್ಷರು ನಕ್ಕರು. ಆ ನಗುವಿನಲ್ಲಿ ಹಲ್ಲು ಮಾತ್ರ ಇತ್ತು.

ಸಿಟ್ಟಿನ ಈ ಮನುಷ್ಯ ಯಾವುದನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ, ಹಿಂಗೈಯಿಂದಲೇ ಮುಟ್ಟುತ್ತಿದ್ದ. ಬಿಸಿಯ ವಸ್ತುವಿನ ಹತ್ತಿರ ಹಿಂಗೈ ತಂದರೆ ಸುಟ್ಟರೂ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ, ಅಂಗೈ ಆದರೆ ಹಿಡಿದುಕೊಂಡುಬಿಡುತ್ತದೆ ಎಂದು ಅವನ ವಿವರಣೆ. ಚಹಾದ ಲೋಟಕ್ಕೂ ಹಿಂಗೈ, ಕಾರಿನ ಬಾನೆಟ್ಟಿಗೂ ಹಿಂಗೈ. ನನಗೆ ಜ್ವರ ಬಂದ ದಿನ ಗಿರಾಕಿಗಳ ನಡುವೆ ನುಗ್ಗಿ ಬಂದು ಹಣೆಗೆ ಹಿಂಗೈ ಇಟ್ಟು, ಇಷ್ಟು ಕಾದಿದ್ದರೂ ಅಂಗಡಿ ತೆರೆದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದು, ತಾನೇ ಬಾಗಿಲೆಳೆದು ಬೀಗ ಹಾಕಿದ. ಒಳಗೆ ಇನ್ನೂ ಒಬ್ಬ ಗಿರಾಕಿ ಇದ್ದರು. ಅವರನ್ನು ಆಮೇಲೆ ಬಿಡಿಸಿದೆವು.

ಭಾವ, ಭಾವಮೈದುನರ ನಡುವೆ ಬಿರುಕು ಬಿದ್ದದ್ದು ಆ ಕಡ್ಡಿಯಿಂದ. ಬೆಂಕಿಯ ಬಾಯಲ್ಲೇ ಕೂರುವುದರಿಂದ ಅದು ಒಮ್ಮೊಮ್ಮೆ ಸವೆಯುತ್ತದೆ. ಒಂದು ದುಬಾರಿ ಕಾರಿನಲ್ಲಿ ಅದರ ತುದಿ ಮುರಿದು, ಟರ್ಬೋ ಚಕ್ರಕ್ಕೆ ಬಡಿದು, ಚಕ್ರ ಹಾಳಾಯಿತು. ಗಿರಾಕಿ ರಂಪ ಮಾಡಿದ. ಅಂದಿನಿಂದ ಭಾವಮೈದುನ, ಕಡ್ಡಿಯನ್ನು ಟರ್ಬೋದ ಆಚೆ ಹಾಕೋಣ, ಮುರಿದರೂ ಹೊಗೆಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಹಟ ಹಿಡಿದ. ತಪ್ಪು ಮಾತಲ್ಲ. ಅನೇಕರು ಹಾಗೆಯೇ ಮಾಡುತ್ತಾರಂತೆ. ಆದರೆ ಚಕ್ರವನ್ನು ತಿರುಗಿಸಿ ಬಂದ ಗಾಳಿ ಅಷ್ಟರಲ್ಲಿ ಎಷ್ಟೋ ಆರಿರುತ್ತದೆ, ಅಲ್ಲಿ ಕೂತ ಕಡ್ಡಿ ತೋರಿಸುವ ಅಂಕಿ ನೂರು, ನೂರೈವತ್ತು ಡಿಗ್ರಿ ಕಡಿಮೆ, ಏರುವುದೂ ನಿಧಾನ. ಕೆಂಡ ಗೋಡೆ ಅದುರುವ ಹಾಗೆ ಕೂಗಿದ್ದನ್ನು ನಾನು ಈಚೆ ಕೂತು ಕೇಳಿದ್ದೇನೆ: "ಎಲ್ಲಿ ಬೇಕಾದ್ರೂ ಹಾಕ್ಕೋ. ಆದ್ರೆ ನನ್ನ ಗೆರೆ ಅಳಿಸು. ನನ್ನ ಗೆರೆ ಆ ಜಾಗದ್ದು, ಈ ಜಾಗದ್ದಲ್ಲ."

ಭಾವಮೈದುನ ಅಳಿಸುತ್ತೇನೆ ಎಂದ. ಆಮೇಲೆ ಬೇರೆಯಾದರು. ಅವನು ಮುಖ್ಯರಸ್ತೆಯಲ್ಲಿ ಗಾಜಿನ ಗೋಡೆಯ ದೊಡ್ಡ ಮಳಿಗೆ ಮಾಡಿಕೊಂಡ. ಹಳೆಯ ಗ್ಯಾರೇಜು ಭಾವನ ಪಾಲಿಗೆ ಉಳಿಯಿತು. ಗಿರಾಕಿಗಳು ನಗುಮುಖದ ಕಡೆಗೆ ಹೋದರು. ಅಲ್ಲಿ ಕುರ್ಚಿಯಿತ್ತು, ಕಾಫಿ ಕೊಡುತ್ತಿದ್ದರು, ಯಾರೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಕೆಂಡನ ಕೈಯಲ್ಲಿ ಸಿದ್ಧವಾದ ಕಾರುಗಳು ಒಂದೊಂದಾಗಿ ಆ ಮಳಿಗೆಗೆ ಹೋದವು. ಅಲ್ಲಿ ಕಡ್ಡಿ ಜಾಗ ಬದಲಾಯಿಸಿತು. ಗೆರೆ ಅಳಿಯಲಿಲ್ಲ. ಅಳಿಸಿದರೆ ಕಾರಿನ ಬೆಲೆ ಇಳಿಯುತ್ತಿತ್ತಲ್ಲ.

ಕೆಂಡನ ಕೊನೆಯ ದಿನ ಬೆಳಿಗ್ಗೆ ಒಬ್ಬ ದಂತವೈದ್ಯರು ತಮ್ಮ ಹಳದಿ ಕಾರು ತಂದರು. ಕೆಲವು ವರ್ಷಗಳ ಹಿಂದೆ ಕೆಂಡನೇ ಗೆರೆ ಎಳೆದ ಕಾರು. ಈಚೆಗೆ ಭಾವಮೈದುನನ ಮಳಿಗೆಯಲ್ಲಿ ಎಂಜಿನ್ನಿನ ಬಲ ಹೆಚ್ಚಿಸಿಕೊಂಡಿದ್ದರು. ಓಟ ಅದ್ಭುತ, ಆದರೆ ಏರಿನಲ್ಲಿ ಏನೋ ಕಮಟು ವಾಸನೆ ಎಂದು ಅವರ ದೂರು. ನಾನು ಅಂಗಡಿಯ ಮೆಟ್ಟಿಲ ಮೇಲೆ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಕೆಂಡ ಬಾನೆಟ್ಟಿಗೆ ಹಿಂಗೈ ಇಟ್ಟು, ಬಿಚ್ಚಿ ನೋಡಬೇಕು, ಆರಲಿ ಎಂದ. ಡಾಕ್ಟರು ತಮಗೆ ರೋಗಿಗಳು ಕಾಯುತ್ತಿದ್ದಾರೆ, ಒಂದು ಸುತ್ತು ಬನ್ನಿ ಸಾಕು, ನಿಮ್ಮದೇ ಕೆಲಸವಲ್ಲವೇ ಎಂದರು. ಕೆಂಡ ಕಿಟಕಿಯಿಂದ ಬಗ್ಗಿ ಒಳಗೆ ನೋಡಿದ. ಗಾಜಿನ ಮೇಲೆ ಉಗುರುಬಣ್ಣ ಹಾಗೇ ಇತ್ತು. ಹಳೆಯ ಕಾಗದವೊಂದರಲ್ಲಿ ತನ್ನದೇ ಕೈಬರಹ ಕಂಡವನ ಹಾಗೆ ಅವನ ಮುಖ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಎಲ್ಲವನ್ನೂ ಒಂದು ಸಲ ತಳ್ಳಿಹಾಕಿ ನೋಡುತ್ತಿದ್ದ ಮನುಷ್ಯ ತನ್ನ ಗೆರೆಯನ್ನು ಮಾತ್ರ ತಳ್ಳದೆ ಒಪ್ಪಿಕೊಂಡ. ಹತ್ತಿ ಕೂತ.

ಗುಡ್ಡದ ಮೇಲುತಿರುವಿನಲ್ಲಿ ಟರ್ಬೋ ಚಕ್ರ ಸಿಡಿಯಿತು. ಎಣ್ಣೆಯ ಕೊಳವೆ ಕತ್ತರಿಸಿಹೋಯಿತು, ಕೆಂಪಗೆ ಕಾದಿದ್ದ ಕಬ್ಬಿಣದ ಮೇಲೆ ಎಣ್ಣೆ ಸುರಿಯಿತು, ಹೊಗೆಯಲ್ಲಿ ಮುಂದಿನ ಗಾಜು ಮುಚ್ಚಿಹೋಯಿತು. ಕಾರು ತಿರುವಿನ ಕಲ್ಲುಗೋಡೆಗೆ ಬಡಿಯಿತು. ಬಡಿದದ್ದು ಪಕ್ಕದ ಸೀಟಿನ ಕಡೆ. ಡಾಕ್ಟರು ಕೈ ಮುರಿದುಕೊಂಡು ಬದುಕಿದರು.

ಸುದ್ದಿ ಅವನ ಹೆಣಕ್ಕಿಂತ ಮೊದಲು ಊರು ಸೇರಿತು, ಅದೂ ಬಣ್ಣ ಬಳಿದುಕೊಂಡು. ಕೆಂಡನೇ ಇನ್ನೂ ಒತ್ತು, ಇನ್ನೂ ಒತ್ತು ಎಂದನಂತೆ. ವಯಸ್ಸಾಗಿತ್ತಂತೆ, ಕಣ್ಣು ಮಂಜಾಗಿತ್ತಂತೆ. ಗೇಜು ಸರಿಯಾಗೇ ಇತ್ತಂತೆ, ನೋಡುವವನೇ ಸರಿ ಇರಲಿಲ್ಲವಂತೆ. ಈ "ಅಂತೆ" ಮಾತುಗಳನ್ನು ಮೊದಲು ಹುಟ್ಟಿಸಿದ ಬಾಯಿ ಯಾವುದೋ ನನಗೆ ತಿಳಿಯದು. ಅವು ಮುಖ್ಯರಸ್ತೆಯ ಕಡೆಯಿಂದ ಬಂದವು ಎಂಬುದು ತಿಳಿದಿದೆ. ಜೀವಮಾನವಿಡೀ ಕಾಲು ತೆಗಿ ಎಂದೇ ಬೈದವನ ಬಾಯಿಗೆ, ಅವನು ಸತ್ತ ಮರುದಿನ, ಒತ್ತು ಎಂಬ ಮಾತು ತುರುಕಿದರು.  ಬರೆಯುವಾಗಲೂ ನನ್ನ ಸಿಟ್ಟು ಆರಿಲ್ಲ.

ಅತ್ತಿಗೆ ಅಳಲಿಲ್ಲ. ಕಾರಿನ ಅವಶೇಷ ಬಿದ್ದಿದ್ದ ಪೊಲೀಸರ ಅಂಗಳಕ್ಕೆ ನನ್ನನ್ನು ಕರೆದುಕೊಂಡು ಹೋದರು. ಇಷ್ಟು ವರ್ಷ ಊಟದ ಜೊತೆಗೆ ದಿನವೂ ಅವನ ಸಿಟ್ಟಿನ ವರದಿ ಕೇಳಿದವರು. ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು. ಸೊಟ್ಟಗಾದ ಬಾನೆಟ್ಟಿನ ಕೆಳಗೆ ಬಗ್ಗಿ, ಟರ್ಬೋಗಿಂತ ಮೊದಲಿನ ಕೊಳವೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವನು ಕೊರೆದ ರಂಧ್ರಕ್ಕೆ ಒಂದು ಬೋಲ್ಟು ಬಡಿದು ಮುಚ್ಚಿದ್ದರು. ಕಡ್ಡಿ ಟರ್ಬೋದ ಆಚೆ ಇತ್ತು.

"ಇದನ್ನ ನಾನು ಹೇಳಿದ್ರೆ ಗಂಡನ ಪರ ಹೇಳ್ತಾಳೆ ಅಂತಾರೆ. ಅವನೇ ಹೇಳ್ಬೇಕು" ಎಂದರು. ಅವನು ಎಂದರೆ ತಮ್ಮ.

ಕ್ಲಬ್ಬಿನವರು ಸಂತಾಪಸಭೆ ಇಟ್ಟರು, ಟೈರಂಗಡಿಯ ಮೇಲಿನ ಹಾಲಿನಲ್ಲಿ. ಕೆಳಗೆ ಬೀದಿಯ ಎರಡೂ ಬದಿಗೆ ತೊಳೆದು ಮಿರುಗಿಸಿದ ಕಾರುಗಳು. ಸಾವಿನ ಸಭೆಗೂ ಕಾರು ತೊಳೆಸಿಕೊಂಡು ಬರುವ ಜನ. ಅಧ್ಯಕ್ಷರು ಎದ್ದು ನಿಂತು, ಪ್ರೀತಿಸಿದ ಕೆಲಸ ಮಾಡುತ್ತಲೇ ಹೋದ ಪುಣ್ಯವಂತ ಎಂದರು. ನಾನು ಕುರ್ಚಿಯ ಹಿಡಿಯನ್ನು ಹಿಡಿದುಕೊಂಡೆ. ಪ್ರೀತಿಸಿದ ಕೆಲಸವಂತೆ. ಅವನಿಗೆ ಕಾರುಗಳ ಮೇಲೆ ಪ್ರೀತಿ ಇರಲಿಲ್ಲ. ಇವರೆಲ್ಲ ಅವುಗಳೊಳಗೆ ಕೂತು ಸಾಯುತ್ತಾರಲ್ಲ ಎಂಬ ಸಂಕಟ ಇತ್ತು, ಆ ಸಂಕಟ ಬಾಯಿಗೆ ಬರುವಾಗ ಬೈಗುಳವಾಗುತ್ತಿತ್ತು. ಅಧ್ಯಕ್ಷರು ಮುಂದುವರಿದು, ವಯಸ್ಸು ಯಾರನ್ನೂ ಬಿಡುವುದಿಲ್ಲ, ಕಣ್ಣು ಮೊದಲಿನಂತಿರುವುದಿಲ್ಲ, ದೊಡ್ಡವರ ತಪ್ಪನ್ನು ನಾವು ಎತ್ತಿ ಆಡಬಾರದು ಎಂದು ತಪ್ಪನ್ನು ಎತ್ತಿ ಆಡಿದರು. ಭಾವಮೈದುನ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ದಂತವೈದ್ಯರು ಕೈಗೆ ಪಟ್ಟಿ ಕಟ್ಟಿಕೊಂಡು ಕೊನೆಯ ಸಾಲಿನಲ್ಲಿದ್ದರು.

ಅತ್ತಿಗೆ ಎದ್ದು ನಿಂತದ್ದು ಯಾರಿಗೂ ಬೇಕಿರಲಿಲ್ಲ. ಯಾರೋ ಕೂತ್ಕೊಳಿ ಅಮ್ಮ ಎಂದರು. ಅವರು ಕೂರಲಿಲ್ಲ. ಹಿಂದಕ್ಕೆ ತಿರುಗಿ ಡಾಕ್ಟರನ್ನು ನೋಡಿದರು.

"ಕಾರಲ್ಲಿ ನಮ್ಮನೆಯವರು ಏನಂದ್ರು ಡಾಕ್ಟ್ರೇ? ಅದಷ್ಟೇ ಹೇಳಿ."

ಡಾಕ್ಟರು ಒಮ್ಮೆ ಅಧ್ಯಕ್ಷರ ಮುಖ ನೋಡಿದರು, ಒಮ್ಮೆ ತಮ್ಮ ಕೈ ನೋಡಿಕೊಂಡರು. ಕೆಟ್ಟ ಮನುಷ್ಯರಲ್ಲ. ಆ ಹಾಲಿನಲ್ಲಿ ನನಗೆ ಸ್ವಲ್ಪವಾದರೂ ಗೌರವ ಉಳಿದಿರುವುದು ಅವರೊಬ್ಬರ ಮೇಲೆ ಮಾತ್ರ.

"ಕಾಲ್ ತೆಗಿ ಅಂದ್ರು."

"ಮೆಲ್ಲಗಾ?"

"ಇಲ್ಲಮ್ಮ. ಕೂಗಿದ್ರು. ಇದು ನನ್ನ ಮುಳ್ಳಲ್ಲ, ಕಾಲ್ ತೆಗಿ, ಕಾಲ್ ತೆಗಿ ಅಂತ ತೊಡೆಗೆ ಹೊಡೆದ್ರು."

"ನೀವ್ಯಾಕೆ ತೆಗೀಲಿಲ್ಲ?"

"ಮುಳ್ಳು ಗೆರೆಗಿಂತ ಎಷ್ಟೋ ಕೆಳಗಿತ್ತು. ಅವರೇ ಎಳೆದ ಗೆರೆ ಅಲ್ವಾ ಅಮ್ಮ. ಅವರ ಮಾತಿಗಿಂತ ಅದನ್ನೇ ನಂಬಿದೆ. ಸಿಡುಕೋದು ಅವರ ಸ್ವಭಾವ ಅನ್ಕೊಂಡೆ."

 ಕಡ್ಡಿ ತನ್ನ ಜಾಗದಲ್ಲಿಲ್ಲವೆಂದು ಮುಳ್ಳು ಹತ್ತುವ ರೀತಿಯಲ್ಲೇ ಅವನು ಕಂಡುಹಿಡಿದಿದ್ದ. ಅಂಕಿ ಸುಳ್ಳು ಹೇಳಿದರೂ ನಡಿಗೆ ಸುಳ್ಳು ಹೇಳಿರಲಿಲ್ಲ. ಕಣ್ಣು ಮಂಜಾಗಿತ್ತಂತೆ!

ಅತ್ತಿಗೆ ಈಗ ಮೊದಲ ಸಾಲಿನ ಕಡೆ ತಿರುಗಿದರು. "ಕಡ್ಡಿ ಎಲ್ಲಿತ್ತು, ಹೇಳು."

"ಅಕ್ಕಾ, ಮನೇಲಿ ಮಾತಾಡೋಣ."

"ಮನೇಲಿ ನನಗೆ ಗೊತ್ತು. ಇವರಿಗೆ ಹೇಳು."

"ಅಕ್ಕಾ, ಇಲ್ಲಿ ಬೇಡ."

"ನೀನು ಚಿಕ್ಕವನಿದ್ದಾಗ ಸ್ಟೋವ್ ಹತ್ತಿರ ಹೋದ್ರೆ ನಿನ್ನ ರಟ್ಟೆ ಹಿಡಿದು ಎಳೀತಿದ್ದೆ, ನೆನಪಿದ್ಯಾ? ಬೈತಿದ್ದೆ. ಅದಕ್ಕೆ ನೀನು ಅಮ್ಮನ ಹತ್ರ ಹೋಗಿ ಅಕ್ಕ ಕೆಟ್ಟವಳು ಅಂತಿದ್ದೆ. ಇವತ್ತು ಬೈಯಲ್ಲ. ಕೇಳ್ತಾ ಇದೀನಿ. ಎಲ್ಲಿತ್ತು?"

 ತಮ್ಮನ ಬೆಣ್ಣೆಯ ನಾಲಿಗೆ ಒಣಗಿಹೋಗಿತ್ತು. ಕೊನೆಗೆ, ಅಲ್ಲಿದ್ದವರಿಗೆ ಕೇಳಿಸಿಯೂ ಕೇಳಿಸದ ಹಾಗೆ, "ಟರ್ಬೋ ಆಚೆ" ಎಂದ. ಆಮೇಲೆ ಒಮ್ಮೆಲೇ ದನಿ ಏರಿಸಿ, "ನಾನೇ ಹಾಕಿಸಿದ್ದು. ಗೆರೆ ಅಳಿಸು ಅಂದಿದ್ರು ಭಾವ. ಅಳಿಸ್ಲಿಲ್ಲ. ಯಾವ ಕಾರಲ್ಲೂ ಅಳಿಸ್ಲಿಲ್ಲ" ಎಂದ.

ಕೆಂಡನ ಹೆಸರಿಗೆ ಮೆತ್ತಿದ್ದ ಮಸಿ ಆ ಒಂದು ಗಳಿಗೆಯಲ್ಲಿ ತೊಳೆದುಹೋಯಿತು. ಅತ್ತಿಗೆ ಕೇಳಬೇಕೆಂದು ಬಂದಿದ್ದದ್ದು ಅಷ್ಟೇ. ಈಗಲಾದರೂ ಯಾರಾದರೊಬ್ಬರು ಎದ್ದು, ನಾವು ಆಡಿದ ಮಾತು ತಪ್ಪು ಎನ್ನುತ್ತಾರೆಂದು ನಾನು ಕಾದೆ. ಎದ್ದರು. ಮೊದಲು ಕಿಟಕಿಯ ಪಕ್ಕದ ಒಬ್ಬರು, ಆಮೇಲೆ ಇಬ್ಬರು, ಆಮೇಲೆ ಸಾಲು ಸಾಲೇ ಎದ್ದಿತು. ಯಾರೂ ಅತ್ತಿಗೆಯ ಕಡೆ ಬರಲಿಲ್ಲ. ಮೆಟ್ಟಿಲ ಕಡೆ ನುಗ್ಗಿದರು. "ಯಾವ ಕಾರಲ್ಲೂ" ಎಂಬ ಮಾತು ಮಾತ್ರ ಅವರ ಕಿವಿಗೆ ಬಿದ್ದಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯುದ್ದಕ್ಕೂ ಬಾನೆಟ್ಟುಗಳು ಬಾಯಿ ತೆರೆದುಕೊಂಡಿದ್ದವು, ಒಗೆದ ಅಂಗಿ ತೊಟ್ಟವರು ಒಳಗೆ ತಲೆ ತೂರಿಸಿ ಹಳೆಯ ರಂಧ್ರ ಮುಚ್ಚಿದ ಬೋಲ್ಟು ಹುಡುಕುತ್ತಿದ್ದರು. ಅಧ್ಯಕ್ಷರೂ ಹೋದರು, ಸಭೆಯನ್ನು ಮುಗಿಸಿದೆವು ಎಂದು ಹೇಳುವಷ್ಟು ಪುರುಸೊತ್ತೂ ಅವರಿಗೆ ಇರಲಿಲ್ಲ. ಮೇಲೆ ಉಳಿದವರು ನಾವು ನಾಲ್ವರು: ಅತ್ತಿಗೆ, ಅವರ ತಮ್ಮ, ದಂತವೈದ್ಯರು, ನಾನು. ತಮ್ಮ ಅಳುತ್ತಿದ್ದ. ಅತ್ತಿಗೆ ಅವನನ್ನು ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮ ಗಂಡನ ಪಟವನ್ನೇ ನೋಡುತ್ತಿದ್ದರು. ಪಟದಲ್ಲಿಯೂ ಅವನು ಕ್ಯಾಮೆರಾದವನ ಮೇಲೆ ರೇಗಿಕೊಂಡೇ ಇದ್ದ.

ಮರುದಿನದಿಂದ ಆ ಕಾರುಗಳವರೆಲ್ಲ ಗ್ಯಾರೇಜಿನ ಮುಂದೆ ಬಂದು ನಿಲ್ಲತೊಡಗಿದರು. ಬಾಗಿಲಿಗೆ ಬೀಗ. ನನ್ನನ್ನು ಕೇಳಿದರು: ಈಗ ಗೆರೆ ಸರಿಮಾಡಿ ಕೊಡುವವರು ಯಾರು, ಯಾವ ಕಾರಿಗೆ ಎಷ್ಟು ಎಂದು ಎಲ್ಲಾದರೂ ಬರೆದಿಟ್ಟಿದ್ದಾರಾ, ಯಾರಿಗಾದರೂ ಹೇಳಿಕೊಟ್ಟಿದ್ದಾರಾ? ಏನೂ ಬರೆದಿಟ್ಟಿಲ್ಲ. ಯಾರಿಗೂ ಹೇಳಿಕೊಟ್ಟಿಲ್ಲ. ಕಲಿಯಬೇಕಾದರೆ ಅವನ ಜೊತೆ ಅದೇ ಗುಡ್ಡ ಹತ್ತಬೇಕಿತ್ತು, ಬೈಸಿಕೊಳ್ಳಬೇಕಿತ್ತು. ಅದಕ್ಕೆ ನೀವು ಯಾರೂ ತಯಾರಿರಲಿಲ್ಲ ಎಂದೆ. ಒಬ್ಬರು, ಅವರು ಸ್ವಲ್ಪ ಸಮಾಧಾನದಿಂದ ಮಾತಾಡುವವರಾಗಿದ್ದಿದ್ದರೆ ಎಂದು ಶುರುಮಾಡಿದರು. ಅವರನ್ನು ನನ್ನ ಅಂಗಡಿಯಿಂದ ಹೊರಗೆ ಕಳಿಸಿದೆ. ಯಾವ ಭಾಷೆಯಲ್ಲಿ ಕಳಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ. ಗೋಡೆಯ ಆಚೆಯಿಂದ ಅಷ್ಟು ವರ್ಷ ಕೇಳಿದ್ದು ದಂಡವಾಗಲಿಲ್ಲ.

ಇಂಥವರು ಎಲ್ಲ ಕಸುಬಿನಲ್ಲೂ ಒಬ್ಬೊಬ್ಬರು ಇರುತ್ತಾರೆ. ಸೇತುವೆಯ ಕಂಬದ ಬಿರುಕು ಕಂಡು ಮೇಲಧಿಕಾರಿಯ ಮೇಜು ಗುದ್ದುವವರು, ಆಸ್ಪತ್ರೆಯ ವಾರ್ಡಿನಲ್ಲಿ ಕೈ ತೊಳೆಯದೆ ಬಂದ ದೊಡ್ಡ ಡಾಕ್ಟರನ್ನೇ ಬಾಗಿಲಲ್ಲಿ ತಡೆಯುವ ನರ್ಸಮ್ಮಂದಿರು, ಅಚ್ಚಿಗೆ ಹೋಗುವ ಹಾಳೆಯನ್ನು ಕೊನೆಯ ಗಳಿಗೆಯಲ್ಲಿ ಕಿತ್ತುಕೊಳ್ಳುವ ಕರಡು ತಿದ್ದುವವರು. ಅವರ ಜೊತೆ ಊಟಕ್ಕೆ ಕೂರುವುದು ಕಷ್ಟ. ಅವರು ಬಂದರೆ ಕೋಣೆಯಲ್ಲಿ ನಗು ನಿಲ್ಲುತ್ತದೆ. ಹಾಗಾಗಿ ನಾವು ಒಂದು ಉಪಾಯ ಮಾಡುತ್ತೇವೆ: ಅವರು ಹಾಕಿಕೊಟ್ಟ ಗುರುತನ್ನು ಇಟ್ಟುಕೊಂಡು ಅವರನ್ನು ಹೊರಗೆ ಕಳಿಸುತ್ತೇವೆ. ಗುರುತಿಗೆ ಹೂ ಹಾಕುತ್ತೇವೆ, ಬೆಲೆ ಕಟ್ಟುತ್ತೇವೆ, ಅದರ ಕೆಳಗಿರುವುದೆಲ್ಲ ಕ್ಷೇಮವೆಂದು ಕಾಲು ಒತ್ತುತ್ತೇವೆ. ಗುರುತು ಯಾರನ್ನೂ ಬೈಯುವುದಿಲ್ಲ. ಬೈಯುವವರು ಬೇಕಾಗಿದ್ದದ್ದು ಗುರುತು ತನ್ನ ಜಾಗ ಬಿಟ್ಟ ದಿನಕ್ಕೆ; ಆ ದಿನ ಅವರು ನಮ್ಮ ಪಕ್ಕದ ಸೀಟಿನಲ್ಲೇ ಕೂತು ಗಂಟಲು ಹರಿಯುವಂತೆ ಕೂಗಿದರೂ, ನಾವು ಅದನ್ನು ಅವರ ಸ್ವಭಾವ ಎಂದು ತಿಳಿದು ಮುಂದೆ ಓಡಿಸುತ್ತಲೇ ಇರುತ್ತೇವೆ.